ಹಮಾಲನ ಪ್ಲೇಟ್‌ಲೆಟ್ ಲೆಕ್ಕ

ಮಾದನಹಿಪ್ಪರಗಾದಿಂದ ಆಳಂದಕ್ಕೆ ಬರುವ ಮಧ್ಯಾಹ್ನದ ಬಸ್ಸಿನಲ್ಲಿ ನನಗೊಂದು ಸ್ಟೀಲ್ ಡಬ್ಬಿ ಬರುತ್ತದೆ. ನೋಡಿದವರು ಊಟದ ಡಬ್ಬಿ ಅಂದುಕೊಳ್ಳುತ್ತಾರೆ. ಒಳಗಿರುವುದು ರಕ್ತದ ಟ್ಯೂಬುಗಳು. ಆ ಊರಲ್ಲಿ ನಮ್ಮ ಆಸ್ಪತ್ರೆಯ ಪರವಾಗಿ ರಕ್ತ ತೆಗೆದು ಕಳಿಸುವವನೊಬ್ಬನಿದ್ದಾನೆ. ಡಬ್ಬಿಯನ್ನು ಡ್ರೈವರನ ಕಾಲ ಬಳಿ ಇಟ್ಟು ನನಗೆ ಫೋನ್ ಮಾಡುತ್ತಾನೆ, ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬರುತ್ತೇನೆ. ನಮ್ಮದು ಸಣ್ಣ ಖಾಸಗಿ ಆಸ್ಪತ್ರೆ, ಲ್ಯಾಬಿನಲ್ಲಿ ನಾನೊಬ್ಬಳೇ. ರಕ್ತದ ಕಣ ಎಣಿಸುವ ಒಂದು ಸೆಲ್ ಕೌಂಟರ್ ಮಷಿನ್, ಒಂದು ಮೈಕ್ರೋಸ್ಕೋಪ್, ಜೊತೆಗೆ ಸುಮ್ಮನಿರಲು ಬಾರದ ನನ್ನ ಬಾಯಿ. ಇಷ್ಟೇ ನಮ್ಮ ಸಂಸಾರ.

ಅವತ್ತು ಡಬ್ಬಿಯಲ್ಲಿ ಬಂದ ಒಂದು ಟ್ಯೂಬು ಒಬ್ಬ ಹಮಾಲನದು. ತೊಗರಿ ಚೀಲ ಹೊತ್ತು ಹೊತ್ತು ಆತನಿಗೆ ಹರ್ನಿಯಾ ಆಗಿತ್ತು. ಮೊದಮೊದಲು ನಿಂಬೆಹಣ್ಣಿನಷ್ಟಿದ್ದ ಗಂಟು ಮೋಸಂಬಿಯಷ್ಟಾಗಿದೆ, ಮಲಗಿ ಒತ್ತಿದರೆ ಮಾತ್ರ ಒಳಗೆ ಹೋಗುತ್ತದೆ ಎಂದು ನಮ್ಮ ಸರ್ಜನ್ ಹೇಳಿದ್ದರು. ಒಂದು ದಿನ ಕರುಳು ಅಲ್ಲೇ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಸಂಚಕಾರ. ಆಪರೇಷನ್ ಆಗಲೇಬೇಕು. ಆದರೆ ಬೇರೆ ಎರಡು ಕಡೆ ತಯಾರಾಗಿ ಹೋದವನನ್ನು ರಕ್ತ ತಪಾಸಣೆಯ ನಂತರ ವಾಪಸ್ ಕಳಿಸಿದ್ದರು. ಪ್ಲೇಟ್‌ಲೆಟ್ ಕಮ್ಮಿ ಇದೆ, ಚಾಕು ಹಾಕಿದರೆ ರಕ್ತ ನಿಲ್ಲುವುದಿಲ್ಲ ಎಂದು.

ಪ್ಲೇಟ್‌ಲೆಟ್ ಅಂದರೆ ಗಾಯವಾದಾಗ ರಕ್ತ ನಿಲ್ಲಿಸುವ ಪುಟ್ಟ ಪುಟ್ಟ ಕಣ. ಡೆಂಗಿ ಬಂದಾಗಿನಿಂದ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದೇ. ‘ಬಿಳಿ ಕಣ ಇಳದಾವ’ ಅನ್ನುತ್ತಾರೆ. ಅವು ಬಿಳಿ ಕಣಗಳೇ ಅಲ್ಲ, ಆ ಮಾತು ಬಿಡಿ, ಹೇಳಿ ಹೇಳಿ ನನಗೇ ಸಾಕಾಗಿದೆ. ‘ಇಳದಾವ’ ಅಂದ ಕೂಡಲೇ ಪಪ್ಪಾಯಿ ಎಲೆಯ ರಸ ಶುರು. ಈ ಹಮಾಲನೂ ತಿಂಗಳುಗಟ್ಟಲೆ ಅದನ್ನು ಕುಡಿದಿದ್ದ.

ನಮ್ಮ ಮಷಿನ್ ಟ್ಯೂಬಿನಿಂದ ಒಂದು ಗುಟುಕು ಎಳೆದುಕೊಂಡು ಇಪ್ಪತ್ತೆರಡು ಸಾವಿರ ಎಂದಿತು. ಕನಿಷ್ಠ ಒಂದೂವರೆ ಲಕ್ಷ ಇರಬೇಕಾದ ಜಾಗದಲ್ಲಿ ಇಪ್ಪತ್ತೆರಡು ಸಾವಿರ! ಪಕ್ಕದಲ್ಲಿ ಒಂದು ಎಚ್ಚರಿಕೆಯ ಗುರುತನ್ನೂ ಹಾಕಿತ್ತು. ‘ನನಗ್ಯಾಕೋ ಅನುಮಾನ, ನೀನೇ ಕಣ್ಣಾರೆ ನೋಡು’ ಅನ್ನುವುದಕ್ಕೆ ಅದು ಹಾಕುವ ಗುರುತು. ಅಷ್ಟು ಕಮ್ಮಿಯಿದ್ದವನ ಒಸಡಿನಲ್ಲಿ ರಕ್ತ ಬರಬೇಕು, ಮೈಮೇಲೆ ಕೆಂಪು ಚುಕ್ಕೆ ಏಳಬೇಕು. ಈತನಿಗೆ ಜ್ವರವಿಲ್ಲ, ಚುಕ್ಕೆಯಿಲ್ಲ, ಗಡ್ಡ ಬೋಳಿಸುವಾಗ ಕೊಯ್ದುಕೊಂಡರೂ ರಕ್ತ ತಾನಾಗಿ ನಿಲ್ಲುತ್ತದಂತೆ. ನಾನು ಸ್ಲೈಡ್ ಮಾಡಲು ಕೂತೆ.

ಗಾಜಿನ ಪಟ್ಟಿಯ ಒಂದು ತುದಿಗೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಒಂದೇ ಸಲ ಮುಂದಕ್ಕೆ ಎಳೆಯಬೇಕು. ಕೈ ನಡುಗಬಾರದು, ತಡೆಯಲೂಬಾರದು. ರಕ್ತ ನಾಲಿಗೆಯ ಆಕಾರದಲ್ಲಿ ಹರಡಿ, ತುದಿಗೆ ಹೋಗುತ್ತ ತೆಳ್ಳಗಾಗಿ ಬಾಲ ಬಿಡುತ್ತದೆ. ಒಣಗಿದ ಮೇಲೆ ಬಣ್ಣ ಹಾಕಿ, ಬಣ್ಣ ಹದವಾಗಿ ಹಿಡಿಯಲೆಂದು ಅದರ ಮೇಲೆ ಬಫರ್ ನೀರು ಹಾಕಿ, ಊದಿ ಬೆರೆಸಿ, ತೊಳೆದು ನೋಡಬೇಕು. ಅವತ್ತು ಆ ನೀರಿಗೆ ಬೆರೆಸುವ ಬಫರ್ ಗುಳಿಗೆ ಮುಗಿದಿದ್ದವು, ಕಲಬುರಗಿಯಿಂದ ಬರಬೇಕಿತ್ತು. ಒಂದು ಸಲಕ್ಕೆ ಏನಾಗುತ್ತದೆ ಎಂದು ನಳದ ಬೋರ್ ನೀರನ್ನೇ ಹಾಕಿದೆ. ನಮ್ಮ ಬೋರಿನದು ಸವಳು ನೀರು. ಸ್ಲೈಡೆಲ್ಲ ನೀಲಿ ನೀಲಿ, ಎಲ್ಲಿ ನೋಡಿದರೂ ಬಣ್ಣದ ಕಸ. ಯಾವುದು ಕಣ, ಯಾವುದು ಕಸ, ದೇವರೇ ಬಲ್ಲ. ‘ಥೂ ನಿನ್ನ’ ಎಂದು ಬೈದು, ಎದುರಿನ ಬ್ಯಾಟರಿ ಅಂಗಡಿಗೆ ಹೋಗಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಡಬ್ಬ ತಂದೆ. ಹೊಸ ಸ್ಲೈಡಿಗೆ ಅದನ್ನು ಹಾಕಿದೆ. ಈ ಸಲ ಕೆಂಪು ಕಣಗಳು ತೆಳುಗುಲಾಬಿ ಬಣ್ಣಕ್ಕೆ ಬಂದವು, ಸುತ್ತಲಿನ ಜಾಗ ಸ್ವಚ್ಛವಾಗಿತ್ತು.

ಲೆನ್ಸಿಗೆ ಎಣ್ಣೆ ಹಾಕಿ ನೋಡಿದೆ. ನಡುವಿನಲ್ಲಿ ಪ್ಲೇಟ್‌ಲೆಟ್ ಅಲ್ಲೊಂದು ಇಲ್ಲೊಂದು. ಮಷಿನ್ ಹೇಳಿದ್ದು ಖರೆ ಅನ್ನಿಸಿತು. ಸ್ಲೈಡನ್ನು ಸರಿಸುತ್ತ ಬಾಲದ ಅಂಚಿಗೆ ಬಂದೆ. ಅಬ್ಬಾ! ಅಲ್ಲಿದ್ದವು ಎಲ್ಲ. ನೇರಳೆ ಬಣ್ಣದ ಪುಡಿಯಂಥ ಕಣಗಳು ಇಪ್ಪತ್ತು, ಮೂವತ್ತು, ಐವತ್ತು ಒಟ್ಟುಗೂಡಿ ಗುಡ್ಡೆ ಗುಡ್ಡೆಯಾಗಿ ಬಿದ್ದಿದ್ದವು. ಮಷಿನ್ ಪ್ಲೇಟ್‌ಲೆಟ್ಟನ್ನು ಗುರುತಿಸುವುದು ಅದರ ಸಣ್ಣ ಗಾತ್ರದಿಂದ. ಗುಡ್ಡೆ ಬಂದರೆ ಅದನ್ನು ಬೇರೇನೋ ಎಂದು ತಿಳಿದು ಬಿಟ್ಟುಬಿಡುತ್ತದೆ. ಇದೇನು ಹೊಸ ಸಂಗತಿಯಲ್ಲ. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಒಂದು ಔಷಧಿ ಇರುತ್ತದೆ. ಕೆಲವೇ ಕೆಲವರ ಪ್ಲೇಟ್‌ಲೆಟ್‌ಗಳು ಅದನ್ನು ಕಂಡರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೈಯೊಳಗೆ ಸರಿಯಿರುತ್ತವೆ, ಟ್ಯೂಬಿನೊಳಗೆ ಮಾತ್ರ ಈ ಆಟ. ನಾನು ಓದುವಾಗಲೇ ಕಲಿತಿದ್ದೆ, ಇಷ್ಟು ಕಣ್ಣಿಗೆ ಹೊಡೆಯುವಂತೆ ಕಂಡದ್ದು ಇದೇ ಮೊದಲು.

ಕುಣಿದುಕೊಂಡೇ ಸರ್ಜನ್ ಹತ್ತಿರ ಹೋದೆ. ಅವರು ಬಂದು ಮೈಕ್ರೋಸ್ಕೋಪಿನಲ್ಲಿ ನೋಡಿದರು, ಬಹಳ ಹೊತ್ತು ನೋಡಿದರು.

“ಗುಡ್ಡಿ ಅವ, ಖರೆ ಅದ,” ಎಂದರು. “ಆದ್ರ ಎಷ್ಟ್ ಅವ?”

“ಅದನ್ನ ಹೆಂಗ್ ಹೇಳ್ಲಿರಿ ಸರ್? ಗುಡ್ಡಿ ಎಣಸಾಕ ಬರಂಗಿಲ್ಲ.”

“ಮತ್ತ ಚಾಕು ಹಾಕಾಂವ ನಾ ಇದ್ದೇನ್ರಿ. ಒಂದ್ ವ್ಯಾಳ್ಯಾ ಗುಡ್ಡಿನೂ ಆಗ್ಯಾವ, ಖರೇನೂ ಕಮ್ಮಿ ಅವ ಅಂದ್ರ? ನಂಗ ನಂಬರ್ ಬೇಕು. ಲಕ್ಷದ ಮ್ಯಾಲ ಒಂದ್ ನಂಬರ್ ತೋರಸ್ರಿ, ಮರುದಿನ ಮಾಡ್ತೇನಿ. ಇಲ್ಲಂದ್ರ ಸೊಲ್ಲಾಪುರಕ್ಕ ಕಳಿಸೋಣು, ಎಲುಬಿನ ಮಜ್ಜಿ ತಪಾಸಣಿ ಮಾಡಸ್ಲಿ.”

ಸಿಟ್ಟು ಬಂತು, ಆದರೆ ಅವರ ಮಾತು ತಪ್ಪಲ್ಲ. ಆಪರೇಷನ್ ಟೇಬಲ್ ಮೇಲೆ ರಕ್ತ ಸುರಿಯತೊಡಗಿದರೆ ನನ್ನ ಸ್ಲೈಡ್ ಏನು ಅಡ್ಡ ಬರುತ್ತದೆಯೇ?

ಈ ಕಣಗಳು ಹುಟ್ಟುವುದೇ ಎಲುಬಿನ ಮಜ್ಜೆಯಲ್ಲಿ. ಆ ಮಜ್ಜೆಯ ಮಾತು ಅದು ಹೇಗೋ ಮಾದನಹಿಪ್ಪರಗಾ ಮುಟ್ಟಿತು. ಮರುದಿನ ಬೆಳಗಿನ ಬಸ್ಸಿಗೇ ಹಮಾಲನ ಹೆಂಡತಿ ಬಂದಿಳಿದಳು. ಲ್ಯಾಬಿನ ಬಾಗಿಲಲ್ಲಿ ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನೇರವಾಗಿ ಕೇಳಿದಳು.

“ಅಕ್ಕಾರ, ಸೊಲ್ಲಾಪುರದಾಗ ಎಲಬು ಚುಚ್ಚಿ ನೋಡ್ತಾರಂತ. ಅದು ಬ್ಲಡ್ ಕ್ಯಾನ್ಸರ್ ಇದ್ದವ್ರಿಗೆ ಮಾಡೂದಂತ. ನಮ್ಮವರಿಗಿ ಅದೇನ್ರಿ?”

“ಯಾರ್ ಅಂದಾರ ಹಂಗ?”

“ಊರ ಮಂದಿಯೆಲ್ಲಾ ಅನ್ನಾಕತ್ತದ್ರಿ. ನಿನ್ನಿ ರಾತ್ರಿಯಿಂದ ಅವ್ರು ಊಟಾ ಬಿಟ್ಟಾರ. ಹೊಟ್ಟಿ ಗಂಟ್ ಹಂಗೇ ಇರ್ಲಿ, ಎಲಬು ಚುಚ್ಚಿಸ್ಕೊಳಾಕ ನಾ ಹೋಗಂಗಿಲ್ಲ ಅಂತ ಮಕಾ ತಿರುಗಿಸಿ ಮಲಗ್ಯಾರ.”

ನಾನು ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ ಆ ಸ್ಲೈಡ್ ತೋರಿಸಿದೆ. ಆಕೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಲೆನ್ಸಿಗೆ ಒತ್ತಿಯೇ ಬಿಟ್ಟಳು.

“ನೋಡ್ ತಂಗಿ, ಆ ನೇರಳಿ ಗುಡ್ಡಿ ಕಂಡಾವೇನು? ನಿನ್ ಗಂಡನ್ ಬಿಳಿ ಕಣ ಅಂತೀರಲ್ಲ, ಅವು ಇವ. ಅವ ಎಲ್ಲೂ ಹೋಗಿಲ್ಲ. ಟ್ಯೂಬಿನ ಔಷಧಾ ಕಂಡು ಒಂದಕ್ಕೊಂದ್ ಅಂಟ್ಕೊಂಡಾವ, ಮಷಿನ್‌ಗಿ ಎಣಸಾಕ ಬರವಲ್ದು. ಮೈಯಾಗ ರಕ್ತ ಚಲೋ ಅದ.”

ಹೇಳಿಬಿಟ್ಟೆ. ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತೇನೋ, ಆದರೆ ಆಕೆಯ ಮುಖ ನೋಡಿ ಬಾಯಿ ತಡೆಯಲಿಲ್ಲ. ಇನ್ನು ಲೆಕ್ಕ ತೋರಿಸುವುದು ನನ್ನ ಪಾಲಿಗೆ ಬಂತು.

ಮೊದಲ ಅನುಮಾನ ಐಸಿನ ಮೇಲೆ. ನಮ್ಮ ಕಡೆಯ ಬಿಸಿಲಿಗೆ ಹೆದರಿ ಎಲ್ಲವನ್ನೂ ತಂಪಾಗಿಡುವುದು ರೂಢಿ. ಹಾಲು, ಹೂವು, ಇಂಜೆಕ್ಷನ್, ರಕ್ತ, ಎಲ್ಲವೂ ಐಸಿನಲ್ಲೇ. ರಕ್ತ ತೆಗೆಯುವವನು ಐಸ್‌ಕ್ಯಾಂಡಿ ಅಂಗಡಿಯಿಂದ ಐಸ್ ತಂದು, ಡಬ್ಬಿಯಲ್ಲಿ ಹರಡಿ, ಅದರ ಮೇಲೆ ಟ್ಯೂಬು ಮಲಗಿಸುತ್ತಿದ್ದ. ಆ ಕಾಳಜಿಯ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಆದರೆ ಇಂಥ ರಕ್ತಕ್ಕೆ ತಂಪು ಅಂದರೆ ವೈರಿ, ತಂಪಾದಷ್ಟೂ ಬೇಗ ಅಂಟಿಕೊಳ್ಳುತ್ತವೆ. ಫೋನ್ ಮಾಡಿ, ಹಮಾಲನ ರಕ್ತ ಮತ್ತೊಮ್ಮೆ ತೆಗೆ, ಐಸ್ ಮುಟ್ಟಿಸಬೇಡ, ಬೆಚ್ಚಗೆ ತಾ ಎಂದೆ.

ಈ ಸಲ ಡಬ್ಬಿಯಿಲ್ಲದೆ ತಾನೇ ಬಸ್ಸಿನಲ್ಲಿ ಬಂದ. ಅಂಗಿಯ ಒಳಗೆ ಕೈಹಾಕಿ ಟ್ಯೂಬು ತೆಗೆದ.

“ಕೂಸಿನಂಗ ಎದಿಗೆ ಹಚ್ಕೊಂಡ್ ತಂದೇನ್ರಿ ಅಕ್ಕಾರ. ಬಾಜೂಕ ಕುಂತಾಕಿ ನನ್ನ ಹಂಗ್ಯಾಕ್ ನೋಡಿದ್ಲೋ!”

ಮಷಿನ್ ಐವತ್ತೆರಡು ಸಾವಿರ ಎಂದಿತು. ದುಪ್ಪಟ್ಟಿಗಿಂತ ಹೆಚ್ಚು! ಖುಷಿಯಾಯಿತು, ಆದರೆ ಐವತ್ತೆರಡು ಅಂದರೆ ಲಕ್ಷವಲ್ಲ. ಸ್ಲೈಡಿನ ಬಾಲದಲ್ಲಿ ಗುಡ್ಡೆಗಳು ಸಣ್ಣವಾಗಿದ್ದವು, ಆದರೂ ಇದ್ದೇ ಇದ್ದವು.

ಆಮೇಲೆ ನೀಲಿ ಮುಚ್ಚಳದ ಟ್ಯೂಬು ತರಿಸಿದೆ. ಅದರಲ್ಲಿ ಬೇರೆ ಔಷಧಿ, ಸಾಮಾನ್ಯವಾಗಿ ಇಂಥ ರಕ್ತ ಅದರಲ್ಲಿ ಬಿಡಿಬಿಡಿಯಾಗಿ ಉಳಿಯುತ್ತದೆ. ಗುರುತಿನ ತನಕ ಸರಿಯಾಗಿ ತುಂಬಬೇಕು, ಔಷಧಿಯ ನೀರು ಸೇರಿದ್ದಕ್ಕೆ ಬಂದ ಲೆಕ್ಕಕ್ಕೆ ಹತ್ತನೇ ಒಂದು ಪಾಲು ಕೂಡಿಸಬೇಕು. ಮೂರನೇ ಸಲ ಹಮಾಲನ ತೋಳಿಗೆ ಸೂಜಿ ಹೋಯಿತು. ಮತ್ತೆ ಎದೆಗೆ ಹಚ್ಚಿಕೊಂಡು ಬಸ್ಸಿನಲ್ಲಿ ಬಂತು. ಎಲ್ಲ ಕೂಡಿಸಿದರೂ ಅರವತ್ತು ಸಾವಿರದ ಆಸುಪಾಸು! ಈ ಪುಣ್ಯಾತ್ಮನ ರಕ್ತ ಅದರಲ್ಲೂ ಅಂಟಿಕೊಂಡಿತ್ತು. ಹಾಗೆ ಆಗುವುದೂ ಉಂಟು, ಆದರೆ ನನಗೇ ಆಗಬೇಕೇ? ನಾನು ಕುರ್ಚಿಗೆ ಒರಗಿ ಕೂತುಬಿಟ್ಟೆ. ಹಮಾಲನ ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ಒಂದು ವೇಳೆ ಖರೇನೇ ಕಮ್ಮಿ ಇದ್ದರೆ?

ವಾರಕ್ಕೊಮ್ಮೆ ಕಲಬುರಗಿಯಿಂದ ಬಂದು ನಮ್ಮ ವರದಿಗಳಿಗೆ ಸಹಿ ಮಾಡುವ ಪೆಥಾಲಜಿ ಡಾಕ್ಟರಮ್ಮನಿಗೆ ಫೋನ್ ಹಚ್ಚಿದೆ. ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ರಕ್ತ ತಗದ್ ಮ್ಯಾಲ ಮಷಿನ್‌ಗಿ ಹಾಕೂತನಕಾ ಎಷ್ಟ್ ಹೊತ್ತ್ ಆಗ್ತದ?”

“ಬಸ್ ಬಂದಷ್ಟು ಹೊತ್ತ್ರಿ ಮೇಡಂ. ಒಮ್ಮೊಮ್ಮಿ ತಾಸು, ಒಮ್ಮೊಮ್ಮಿ ಎರಡು.”

“ಅಷ್ಟ್ರಾಗ ಅವು ಅಂಟ್ಕೊಂಡ್ ಮುಗದಿರ್ತದಲ್ಲಾ. ತಗದ್ ಕೂಡ್ಲೆ ನೋಡಾಕ ಆಗಂಗಿಲ್ಲೇನು?”

ಫೋನ್ ಇಟ್ಟೆ. ಟ್ಯೂಬನ್ನು ಬೇಗ ತರಿಸುವುದು ಹೇಗೆ ಎಂದು ಯೋಚಿಸಿದೆ. ಮೋಟಾರ್ ಸೈಕಲ್? ಆದರೂ ಹೊತ್ತು ಹೋಗುತ್ತದೆ. ಇಷ್ಟು ದಿನ ನಾನು ಟ್ಯೂಬಿನ ಬೆನ್ನು ಹತ್ತಿದ್ದೆ. ಟ್ಯೂಬು ಯಾಕೆ ಬರಬೇಕು? ಮನುಷ್ಯನೇ ಬರಲಿ, ಮಷಿನ್ ಪಕ್ಕದಲ್ಲೇ ಕೂರಲಿ. ಸೂಜಿಯಿಂದ ಟ್ಯೂಬು, ಟ್ಯೂಬಿನಿಂದ ಮಷಿನ್, ನಡುವೆ ಉಸಿರು ಬಿಡುವಷ್ಟೂ ಹೊತ್ತು ಬೇಡ. ನಮ್ಮಲ್ಲಿ ಸೂಜಿ ಹಾಕುವ ಕೋಣೆ ಕೆಳಗೆ, ಲ್ಯಾಬು ಮಾಳಿಗೆಯ ಮೇಲೆ. ಪೇಷಂಟನ್ನು ಲ್ಯಾಬಿನೊಳಗೆ ಬಿಡುವ ಪದ್ಧತಿಯೇ ಇಲ್ಲ. ಸರ್ಜನ್ ಹತ್ತಿರ ಹೋಗಿ, ಪದ್ಧತಿ ಒಂದು ದಿನ ಮುರಿಯುತ್ತೇನೆ, ನೀವೂ ಬಂದು ನಿಂತು ನೋಡಬೇಕು ಎಂದೆ. ಅವರು ನಕ್ಕು, ಆಗಲಿ ಎಂದರು.

ಒಪ್ಪದವನು ಹಮಾಲ. ನಾನು ಫೋನ್ ಮಾಡಿದಾಗ ಹೆಂಡತಿ ಅದನ್ನು ಆತನ ಕಿವಿಗೆ ಹಿಡಿದಿರಬೇಕು, ಗುಡುಗಿದ.

“ನನ್ ರಕ್ತ ಏನ್ ಸರಕಾರಿ ನಳಾ ಏನ್ರಿ? ಬಂದಾಂವ ಬಂದಾಂವ ತಿರುವಿ ತುಂಬ್ಕೊಂಡ್ ಹೋಗಾಕತ್ತೀರಿ!”

“ಅಣ್ಣಾ, ಇದೊಂದ್ ಸರ್ತಿ. ಇದಾದ್ ಮ್ಯಾಲ ನಾ ಕೇಳಿದ್ರ ಕೇಳು.”

“ಮತ್ತ ಪಪ್ಪಾಯಿ ರಸಾ?”

“ಇವತ್ತಿಂದ ಬಂದ್.”

“ಬರ್ತೇನಿ” ಎಂದ.

ಎರಡು ದಿನ ಬಿಟ್ಟು ಗಂಡ ಹೆಂಡತಿ ಬಂದರು. ಹಮಾಲ ಬಾಗಿಲ ತುಂಬ ಇದ್ದ, ಒಂದು ಕೈ ತೊಡೆಸಂದಿನ ಮೇಲೆ. ಮೆಟ್ಟಿಲು ಹತ್ತಲು ಬಹಳ ಹೊತ್ತು ತೆಗೆದುಕೊಂಡ. ಮಷಿನ್ ಪಕ್ಕದ ಸ್ಟೂಲಿನಲ್ಲಿ ಕೂರಿಸಿದೆ. ಸ್ಲೈಡುಗಳನ್ನು ಒರೆಸಿ ಸಾಲಾಗಿ ಇಟ್ಟಿದ್ದೆ, ಟ್ಯೂಬನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡಿದ್ದೆ. ಸರ್ಜನ್ ಬಂದು ನನ್ನ ಹಿಂದೆ ನಿಂತರು. ತೋಳಿಗೆ ಪಟ್ಟಿ ಕಟ್ಟಬೇಕು ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಮಷಿನ್ ಒಮ್ಮೆ ನಿಂತರೆ ಎದ್ದು ಮುಖ ತೊಳೆದುಕೊಳ್ಳಲು ಅದಕ್ಕೆ ಕಾಲು ತಾಸು ಬೇಕು. ಹಮಾಲ ಎದ್ದು ನಿಂತ.

“ದೇವ್ರಿಗೇ ಮನಸಿಲ್ಲ ನೋಡ್ರಿ, ನಾ ಹೋಗ್ತೇನಿ.”

“ಕುಂಡ್ರೋ ಅಣ್ಣಾ, ದೇವರದ್ದಲ್ಲ, ಲೈನ್‌ಮನ್‌ದು,” ಎಂದೆ. ಎಲ್ಲರಿಗೂ ಚಹಾ ತರಿಸಿದೆ. ಚಹಾ ಮುಗಿಯುವ ಹೊತ್ತಿಗೆ ಕರೆಂಟ್ ಬಂತು, ಮಷಿನ್ ತನ್ನ ಶಾಸ್ತ್ರವನ್ನೆಲ್ಲ ಮುಗಿಸಿ ತಯಾರೆಂದಿತು.

ಪಟ್ಟಿ ಕಟ್ಟಿದೆ, ಸೂಜಿ ಹಾಕಿದೆ. ಟ್ಯೂಬು ತುಂಬಿತು. ನಾಲ್ಕು ಸಲ ಮೆತ್ತಗೆ ತಿರುಗಿಸಿ ಮಷಿನ್ನಿನ ಬಾಯಿಗೆ ಹಿಡಿದೆ. ಅದು ಎಳೆದುಕೊಳ್ಳುವಾಗಲೇ ಇನ್ನೊಂದು ಕೈಯಲ್ಲಿ ಸ್ಲೈಡ್ ಎಳೆದೆ. ಹತ್ತಿ ಒತ್ತಿಹಿಡಿದದ್ದು ಹೆಂಡತಿ. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಮೂಡಿದವು. ಪ್ಲೇಟ್‌ಲೆಟ್ ಕಟ್ಟಕಡೆಗೆ ಬರುತ್ತದೆ, ಹಾಳಾದ್ದು.

ಒಂದು ಲಕ್ಷ ತೊಂಬತ್ತು ಸಾವಿರ.

“ಏನ್ರಿ ಇದು!” ಎಂದರು ಸರ್ಜನ್.

“ತಡೀರಿ ಸರ್, ಇನ್ನಾ ಮುಗದಿಲ್ಲ.”

ಅದೇ ಟ್ಯೂಬನ್ನು ಮೇಜಿನ ಮೇಲೆ ನಿಲ್ಲಿಸಿದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದೆ. ಲಕ್ಷದ ಹತ್ತು ಸಾವಿರ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಹಿಡಿದರೆ ಬರೀ ಎಪ್ಪತ್ತು ಸಾವಿರ. ಕಡೆಗೆ ಮೂವತ್ತಕ್ಕೆ ಬಂತು. ಅದೇ ರಕ್ತ, ಅದೇ ಟ್ಯೂಬು, ನಮ್ಮ ಕಣ್ಣೆದುರಿಗೇ ಇಳಿಯುತ್ತ ಹೋಯಿತು. ಸರ್ಜನ್ ತಮ್ಮ ಓಪಿಡಿಗೆ ಹೋಗುವುದನ್ನೂ ಮರೆತು ನಿಂತಿದ್ದರು. ಮೊದಲ ಸ್ಲೈಡಿನಲ್ಲಿ ಕಣಗಳು ಹೊಲದಲ್ಲಿ ಬಿತ್ತಿದ ಕಾಳಿನಂತೆ ಒಂದೊಂದೇ ಬೇರೆಬೇರೆ. ಕಡೆಯ ಸ್ಲೈಡಿನಲ್ಲಿ ಗುಡ್ಡೆಯೋ ಗುಡ್ಡೆ. ಎರಡನ್ನೂ ಹಮಾಲನಿಗೂ ತೋರಿಸಿದೆ. ಆತ ಬಹಳ ಹೊತ್ತು ನೋಡಿ ತಲೆ ಎತ್ತಿದ.

“ಇವು ನಮ್ ಹಮಾಲರಂಗೇ ಅದಾವಲ್ರಿ. ಲಾರಿ ಬಂದ್ರ ಹರವಿ ಕೆಲಸಾ ಮಾಡ್ತಾವ, ಖಾಲಿ ಬಿಟ್ರ ಒಂದ್ ಕಡಿ ಗುಂಪಾಗಿ ಕುಂಡ್ರತಾವ.”

ಲ್ಯಾಬಿನಲ್ಲಿ ಅಷ್ಟು ನಗು ನಾನು ಯಾವತ್ತೂ ಕೇಳಿರಲಿಲ್ಲ. ನಗುವಾಗ ಆತನಿಗೆ ಗಂಟು ನೋಯುತ್ತಿತ್ತು, ಕೈ ಒತ್ತಿಕೊಂಡೇ ನಕ್ಕ.

ಸರ್ಜನ್ ಮಾತಿಗೆ ತಪ್ಪಲಿಲ್ಲ. ಡಾಕ್ಟರಮ್ಮನ ಜೊತೆ ಫೋನಿನಲ್ಲಿ ಮಾತಾಡಿದರು, ಆಪರೇಷನ್ ಮರುದಿನಕ್ಕೆ ಗೊತ್ತು ಮಾಡಿದರು. ಆಪರೇಷನ್ ದಿನ ಬೆಳಿಗ್ಗೆ ಆತನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿ ಇನ್ನೊಮ್ಮೆ ನೋಡಿದೆ, ಲೆಕ್ಕ ಮತ್ತೆ ಎರಡು ಲಕ್ಷದ ಹತ್ತಿರವೇ ಬಂತು. “ಇದೊಂದ್ ಸರ್ತಿ ಅಂದಿದ್ರಿ” ಎಂದು ಹಮಾಲ ತಕರಾರು ತೆಗೆದ. ಸರ್ಜನ್ ಆತನ ಕಿವಿಯ ತುದಿಗೆ ಸಣ್ಣಗೆ ಚುಚ್ಚಿ, ಒರೆಸುವ ಕಾಗದಕ್ಕೆ ಹನಿ ಒತ್ತುತ್ತ, ರಕ್ತ ನಿಲ್ಲುವುದನ್ನು ತಾವೇ ನೋಡಿದರು. ಬೇಗ ನಿಂತಿತು. ಸ್ಟ್ರೆಚರ್ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ನನಗೆ ಲ್ಯಾಬಿನಲ್ಲಿ ಕೈ ತುಂಬ ಕೆಲಸವಿತ್ತು. ಒಂದು ಸ್ಲೈಡ್ ಹಚ್ಚಿದೆ, ಹಾಳಾಯಿತು. ಇನ್ನೊಂದು ಹಚ್ಚಿದೆ, ಅದೂ ಹಾಳು. ಎದ್ದು ಕೆಳಗೆ ಬಂದೆ. ಆಪರೇಷನ್ ಕೋಣೆಯ ಎದುರಿನ ಬೆಂಚಿನಲ್ಲಿ ಹೆಂಡತಿ ಕೂತಿದ್ದಳು. ಕೈಚೀಲದಿಂದ ಶೇಂಗಾ ತೆಗೆದು ಸುಲಿಯುತ್ತಿದ್ದಳು. ಸುಲಿದದ್ದನ್ನು ನನ್ನ ಕೈಗೆ ಹಾಕಿದಳು. ನಾನು ಬಾಯಿಗೆ ಹಾಕದೆ ಹಿಡಿದುಕೊಂಡು ಕೂತೆ. ಮಷಿನ್ ತಪ್ಪು ಹೇಳಿದ್ದರೆ? ಸ್ಲೈಡಿನಲ್ಲಿ ಕಂಡದ್ದು ಒಂದು, ಮೈಯೊಳಗೆ ಇರುವುದು ಇನ್ನೊಂದಾಗಿದ್ದರೆ? ಕಣಗಳಿವೆ, ಸರಿ, ಕೆಲಸ ಮಾಡುತ್ತವೆಯೇ? ಬಾಗಿಲು ಒಮ್ಮೆ ತೆರೆದು ನರ್ಸ್ ಓಡುತ್ತ ಹೋಗಿ ಏನೋ ತಂದಳು. ನನ್ನ ಕೈಯಲ್ಲಿದ್ದ ಶೇಂಗಾ ನೆಲಕ್ಕೆ ಬಿದ್ದವು. ಹಮಾಲನ ಹೆಂಡತಿ ಒಂದೊಂದೇ ಆರಿಸಿಕೊಂಡಳು.

ಕಡೆಗೆ ಸರ್ಜನ್ ಹೊರಬಂದರು. ಮಾಸ್ಕ್ ಕೆಳಗೆ ಎಳೆದು ನನ್ನನ್ನೇ ನೋಡಿ ಹೇಳಿದರು.

“ಎಲ್ಲಾರ್ದಂಗೇ ರಕ್ತ ಬಂತು, ಎಲ್ಲಾರ್ದಂಗೇ ನಿಂತ್ತು. ಕರುಳ್ ಒಳಗ ಹಾಕಿ ಜಾಳಿಗಿ ಕೂಡ್ಸಿ ಹೊಲದೇನಿ. ಆರಾಮ್ ಇದ್ದಾನ.”

ಗೋಡೆ ಹಿಡಿದು ನಿಂತೆ, ಕಣ್ಣಲ್ಲಿ ನೀರು ತಾನಾಗಿ ಬಂತು. ಹೆಂಡತಿ ಗಾಬರಿಯಾಗಿ ಎದ್ದು ಬಂದು ನನ್ನ ತೋಳು ಹಿಡಿದಳು.

“ಯಾಕ್ರಿ ಅಕ್ಕಾರ, ಏನಾತ್ರಿ?”

“ಏನಿಲ್ಲ ತಂಗಿ. ನಿನ್ ಗಂಡನ್ ರಕ್ತ ಚಲೋ ಅದ.”

“ಅದನ್ನ ನೀವು ಅವತ್ತೇ ಹೇಳಿದ್ರಲ್ರಿ,” ಎಂದಳು ಆಕೆ, ಇದೇನು ಹೊಸ ಸುದ್ದಿ ಎನ್ನುವಂತೆ ನನ್ನ ಮುಖ ನೋಡುತ್ತ.